ಚಿತ್ರವೂ ಚಿತ್ತಶಾಂತಿಯೂ

ವೈಯಾಲಿಕಾವಲಿನ ನಮ್ಮ ನೆರೆಮನೆಯ ಬಾಲಕನು ತಾಯಿಯನ್ನು ಕಳೆದುಕೊಂಡ ಮೇಲೆ ಮಾತನ್ನೇ ಬಿಟ್ಟು, ದಿನವೂ ಬಾಗಿಲಿಲ್ಲದ ಮನೆಯೊಂದರ ಚಿತ್ರವನ್ನು ಬರೆಯುತ್ತಿದ್ದನು. ತಿದ್ದಲು ಹೋದ ನನ್ನನ್ನು ಅವನ ಅಜ್ಜಿಯು ತಡೆದು, “ಬಿಡಿ ಮೇಷ್ಟರೆ, ಅವನು ಅಳುವುದೇ ಹೀಗೆ” ಎಂದರು. ಬಹುಕಾಲ ಹುಡುಗರ ಹಲಗೆಯ ಗೀಚುಗಳನ್ನು ಒರಸಿಸಿದ ನಾನು ತಲೆತಗ್ಗಿಸಿದೆನು.

ನಮ್ಮ ನಾಡಿನ ಚಿತ್ರಕಾರ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಸಾಧಿಸಿದ ಕುಶಲತೆಯು ಎಲ್ಲರಿಗೂ ಸಿದ್ಧಿಸುವುದಲ್ಲ; ದುಃಖವನ್ನು ರೇಖೆಗಿಳಿಸುವುದಕ್ಕೆ ಅದು ಬೇಕಾಗಿಯೂ ಇಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ವಾಸದ ಮನೆಯಲ್ಲಿ ಶೃಂಗಾರ, ಹಾಸ್ಯ, ಶಾಂತರಸಗಳ ಚಿತ್ರಗಳನ್ನೇ ಬರೆಯಿಸಬೇಕೆನ್ನುತ್ತದೆ. ಗೋಡೆಗೆ ಆ ನಿಯಮವು ಯುಕ್ತವೇ. ಮಗುವಿನ ಕಾಗದದಲ್ಲಿ ಮಾತ್ರ ಕರುಣರಸಕ್ಕೂ ಎಡೆಯಿರಬೇಕು.

ಆದುದರಿಂದ ಗೃಹಸ್ಥರು ಮಕ್ಕಳ ಚಿತ್ರವನ್ನು ತಿದ್ದುವ ಮೊದಲು ಪಕ್ಕದಲ್ಲಿ ಕುಳಿತು, ಅದೇನೆಂದು ಕೇಳಲಿ. ಮೌನವು ದೀರ್ಘವಾದರೆ ವೈದ್ಯರನ್ನೂ ಕಾಣಲಿ.