ರೇಸಿನ ವಿದ್ಯೆಗೆ ಬೀದಿಯಲ್ಲೇನು ಕೆಲಸ?

ನಮ್ಮೂರಿನ ಹುಡುಗರ ಬಾಯಲ್ಲಿ ಈಗ ಒಂದೇ ಮಾತು: ‘ಟ್ಯೂನ್ ಮಾಡಿಸುವುದು’. ವೀಣೆಯನ್ನಲ್ಲ, ಕಾರನ್ನು. ಶೋರೂಮಿನಿಂದ ಬಂದ ಕಾರು ಬಂದ ಹಾಗೆಯೇ ಇದ್ದರೆ ಅದು ಮುದುಕರ ಕಾರಂತೆ. ಗ್ಯಾರೇಜಿಗೆ ಒಯ್ದು, ಇಸಿಯು ಎಂಬ ಡಬ್ಬಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಒಳಗಿನ ಲೆಕ್ಕವನ್ನೇ ಬದಲಿಸಿ, ಹಿಂದಿನ ಸೈಲೆನ್ಸರ್ ಕಿತ್ತು ದಪ್ಪ ಕೊಳವೆ ಹಾಕಿಸಿದರೆ ಅದು ‘ರೇಸ್ ಕಾರು’. ಇದಕ್ಕೆ 30-40 ಸಾವಿರ ಸುರಿಯುವವರು ಯಾರು? ಅಪ್ಪ ಗದರಿದರೆ ಚೀಟಿ ಹಣದಲ್ಲಿ ಗುಟ್ಟಾಗಿ ತೆಗೆದುಕೊಡುವವರು ನಾವು, ತಾಯಂದಿರು. ಅದಕ್ಕೇ ಈ ಮಾತನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬಿ.ಎ., ಬಿ.ಎಡ್. ಮಾಡಿದ ಟೀಚರಿಗೆ ಇಂಜಿನ್ನಿನ ಗೊಡವೆ ಯಾಕೆ ಎನ್ನಬೇಡಿ. ಗ್ಯಾಸ್ ಒಲೆ ಹಚ್ಚುವ ಯಾವ ಹೆಂಗಸಿಗೂ ಅರ್ಥವಾಗುವ ವಿಷಯ ಇದು. ಬರ್ನರಿಗೆ ಗಾಳಿ ಸರಿಯಾಗಿ ಸೇರಿದರೆ ಉರಿ ನೀಲಿ. ಗಾಳಿ ಕಡಿಮೆಯಾದರೆ ಹಳದಿ, ಪಾತ್ರೆಯ ತಳವೆಲ್ಲ ಮಸಿ. ಇಂಜಿನ್ನಿನಲ್ಲೂ ಅದೇ ಲೆಕ್ಕ. 1 ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೊಗೆಕೊಳವೆಯಲ್ಲಿ ಕೂತ ಆಮ್ಲಜನಕದ ಸೆನ್ಸರು, ಇಂಜಿನ್ನಿನ ಬಿಸಿ ಅಳೆಯುವ ಸೆನ್ಸರು, ಇವೆಲ್ಲ ಕಳಿಸುವ ಸುದ್ದಿ ನೋಡಿ, ಎಷ್ಟು ಪೆಟ್ರೋಲು ಚಿಮ್ಮಿಸಬೇಕು, ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎಂದು ಇಸಿಯು ತೀರ್ಮಾನಿಸುತ್ತದೆ. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡುವುದೂ ಈ ಅಳತೆಯ ಆಸುಪಾಸಿನಲ್ಲೇ. ‘ಟ್ಯೂನ್’ ಮಾಡುವವರು ಬಹಳ ಸಲ ಮೊದಲು ಕಿತ್ತೊಗೆಯುವುದು ಅದನ್ನೇ.

ರೇಸಿನವರೂ ಈ ಲೆಕ್ಕ ಬದಲಿಸುತ್ತಾರೆ, ನಿಜ. ಆದರೆ ಅದು ಹೇಗೆ ಎಂದು ನೋಡಿದ್ದೀರಾ? ನನ್ನ ತಮ್ಮನ ಮಗನಿಗೆ ಅದೇ ಕೆಲಸ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಮ್ಮೆ ನನ್ನನ್ನೂ ಕರೆದೊಯ್ದಿದ್ದ. (1988ರಲ್ಲಿ ಮಾರುತಿ 800ರ ಪುಟ್ಟ ಇಂಜಿನ್ನಿಟ್ಟು ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದ ಕರಿವರ್ಧನ್ ಅವರ ಹೆಸರು ಆ ಟ್ರ್ಯಾಕಿಗೆ. ಇದ್ದದ್ದರಲ್ಲೇ ಸಾಧಿಸುವುದು ಅಂದರೆ ಅದು.) ಮಟಮಟ ಮಧ್ಯಾಹ್ನ. ಕಾರು ಬಂದು ನಿಂತ ಕೂಡಲೇ ಇವನು ಲ್ಯಾಪ್‌ಟಾಪ್ ಸಿಕ್ಕಿಸಿ ಹತ್ತು ನಿಮಿಷ ಗೆರೆಗಳನ್ನೇ ನೋಡುತ್ತ ಕೂತ. ಆಮೇಲೆ ಒಂದು ಅಂಕಿ ಬದಲಿಸಿದ.

“ಇನ್ನೂ ಜೋರಾಗಿ ಓಡೋ ಹಾಗೆ ಮಾಡಿದೆಯೇನೋ?” ಎಂದೆ.

“ಇಲ್ಲ ಅತ್ತೆ, ಬಿಸಿಲಿಗೆ ಗಾಳಿ ಕಾದಿದೆ. ಕಿಡೀನ ಒಂದು ಡಿಗ್ರಿ ಹಿಂದಕ್ಕೆ ತಂದೆ.”

ಕಿಡಿ ತೀರಾ ಮುಂಚೆ ಹಾರಿದರೆ ಸಿಲಿಂಡರಿನಲ್ಲಿ ಉಳಿದ ಮಿಶ್ರಣ ತಾನಾಗಿಯೇ ಸಿಡಿಯುತ್ತದಂತೆ, ಸುತ್ತಿಗೆಯಲ್ಲಿ ಬಡಿದ ಹಾಗೆ. ಪಿಸ್ಟನ್ ತೂತಾಗುವುದೂ ಉಂಟು. ಅಂದರೆ ಆ ವಿದ್ಯೆಯ ಅರ್ಧ ಭಾಗ, ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯುವುದು. ಸುತ್ತ ಆಂಬುಲೆನ್ಸ್, ಬೆಂಕಿ ಆರಿಸುವವರು, ಬಾವುಟ ಹಿಡಿದವರು. ಕಾರಿನೊಳಗೆ ಕಬ್ಬಿಣದ ಪಂಜರ, ಚಾಲಕನಿಗೆ ಬೆಂಕಿ ತಡೆಯುವ ಬಟ್ಟೆ. ಎದುರಿನಿಂದ ಯಾರೂ ಬರುವುದಿಲ್ಲ. ನಮ್ಮ ಬೈಪಾಸಿನಲ್ಲಿ ಎದುರಿಗೆ ಬರುವುದು ಹುಲ್ಲಿನ ಗಾಡಿ, ಟ್ಯೂಷನ್ನಿನಿಂದ ಸೈಕಲ್ಲಿನಲ್ಲಿ ಮರಳುವ ಮಕ್ಕಳು.

ರೇಸಿನಲ್ಲಿ ಈ ಡಬ್ಬಿಯ ಮೇಲೆ ಎಷ್ಟು ಕಣ್ಗಾವಲು ಗೊತ್ತೇ? ಫಾರ್ಮುಲಾ ಒನ್‌ನಲ್ಲಿ 1994ರಲ್ಲಿ ಚಾಲಕನಿಗೆ ನೆರವಾಗುವ ಹಲವು ಎಲೆಕ್ಟ್ರಾನಿಕ್ ಉಪಾಯಗಳನ್ನು ನಿಷೇಧಿಸಿದರು. ಆ ವರ್ಷ ಬೆನೆಟನ್ ತಂಡದ ಸಾಫ್ಟ್‌ವೇರನ್ನು ಜಾಲಾಡಿದಾಗ, ರೇಸ್ ಶುರುವಾಗುವಾಗ ಕಾರನ್ನು ತಾನಾಗಿ ಚಿಮ್ಮಿಸುವ ಉಪಾಯವೊಂದು ಒಳಗೆ ಅಡಗಿದ್ದು ಕಂಡಿತು. ಬಳಸಿದ್ದಕ್ಕೆ ಪುರಾವೆ ಸಿಗಲಿಲ್ಲ; ಆದರೂ ದೊಡ್ಡ ಗಲಾಟೆಯೇ ಆಯಿತು. 2008ರಿಂದ ಎಲ್ಲ ತಂಡಗಳೂ ಒಂದೇ ಬಗೆಯ ಇಸಿಯು ಬಳಸಬೇಕೆಂಬ ನಿಯಮ ಬಂತು. ರೇಸಿನವರಿಗೇ ಇಲ್ಲದ ಸ್ವಾತಂತ್ರ್ಯ ನಮ್ಮ ಬಸ್‌ಸ್ಟ್ಯಾಂಡ್ ಹಿಂದಿನ ಗ್ಯಾರೇಜಿಗೆ ಹೇಗೆ ಬಂತು, ಹೇಳಿ! ಅಲ್ಲಿ ಗೆರೆ ನೋಡುವವರಿಲ್ಲ. ಎಲ್ಲಿಂದಲೋ ತಂದ ಒಂದೇ ಫೈಲು, ಬಂದ ಕಾರಿಗೆಲ್ಲ ಅದೇ ಕಷಾಯ.

“ಕಂಪನಿಯವರು ಬೇಕೆಂದೇ ಶಕ್ತಿ ಅಡಗಿಸಿಡ್ತಾರೆ ಮಿಸ್, ನಾವು ಹೊರಗೆ ತರ್ತೀವಿ ಅಷ್ಟೆ” ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಾದಿಸಿದ. ಕಂಪನಿಯವರೆಲ್ಲ ಸತ್ಯಹರಿಶ್ಚಂದ್ರರು ಎಂದು ನಾನೇನೂ ಹೇಳುವುದಿಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ಇಂಥ ಲೆಕ್ಕದಲ್ಲೇ. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರನ್ನು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಇಟ್ಟಿದ್ದರು. ಅಮೆರಿಕದಲ್ಲಿ ಆ ಕಾರುಗಳು ರಸ್ತೆಯ ಮೇಲೆ ಕಾನೂನಿನ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿದ್ದವು. ಅದನ್ನು ಲೋಕವೆಲ್ಲ ಮೋಸ ಎಂದಿತು. ದೊಡ್ಡ ಕಂಪನಿ ಮಾಡಿದರೆ ಮೋಸ, ನಮ್ಮ ಹುಡುಗ ಮಾಡಿಸಿದರೆ ಶೋಕಿ, ಇದು ಯಾವ ನ್ಯಾಯ?

ಕಾನೂನೂ ಸುಮ್ಮನಿಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಶಿಕ್ಷೆ ವಾಹನದ ಮಾಲೀಕರಿಗೆ. ಕಾರು ನಿಮ್ಮ ಯಜಮಾನರ ಹೆಸರಲ್ಲಿದ್ದರೆ ಅದು ಯಾರ ತಲೆಗೆ ಬರುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಶಾಲೆ, ಆಸ್ಪತ್ರೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂಬ ನಿಯಮವೂ ಇದೆ. ನಮ್ಮ ಶಾಲೆಯ ಗೇಟಿನಲ್ಲಿ ಬೋರ್ಡೇನೋ ಇದೆ. ಪ್ರಿಪರೇಟರಿ ಪರೀಕ್ಷೆಯ ದಿನ ಪಟಾಕಿ ಸಿಡಿದಂತೆ ಸದ್ದು ಮಾಡುತ್ತ ಹಾದುಹೋದ ಕಾರಿಗೆ ಅದು ಕಾಣಲಿಲ್ಲ.

ಹುಡುಗರಿಗೆ ಆಸೆ ಇರಬಾರದೇ ಎನ್ನುತ್ತೀರಿ. ಇರಲಿ. ನಿಜವಾದ ಆಸೆಯಾದರೆ ಟ್ರ್ಯಾಕಿಗೆ ಹೋಗಲಿ. ಲೈಸೆನ್ಸ್ ಪಡೆದು, ತರಬೇತಿ ಪಡೆದು ಓಡಿಸಲಿ. ನಮ್ಮ ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಹಾಸ್ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದದ್ದು ಬೈಕ್ ಓಡಿಸಿ, ಬೀದಿಯಲ್ಲಿ ಸದ್ದು ಮಾಡಿ ಅಲ್ಲ.

ಈ ಹೆಸರು ಎತ್ತಿದ್ದಕ್ಕೆ ಇನ್ನೊಂದು ಕಾರಣವಿದೆ. ಮಗನ ಕೊಳವೆಗೆ 40 ಸಾವಿರ ಹೊಂದಿಸಿಕೊಟ್ಟ ನನ್ನ ಗೆಳತಿಯೊಬ್ಬಳು, ಮಗಳು ಡ್ರೈವಿಂಗ್ ಸ್ಕೂಲಿಗೆ ಸೇರುತ್ತೇನೆಂದಾಗ “ಮದುವೆ ಆದ್ಮೇಲೆ ಗಂಡ ಕಲಿಸ್ತಾನೆ ಬಿಡೇ” ಎಂದಳು. ಆ ಹುಡುಗಿ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರಕ್ಕೆ 98 ತೆಗೆದವಳು. 14.7ರ ಲೆಕ್ಕವನ್ನು ಅಣ್ಣನಿಗೆ ಬಿಡಿಸಿ ಹೇಳಬಲ್ಲವಳು ಆ ಮನೆಯಲ್ಲಿ ಅವಳೊಬ್ಬಳೇ.