ಬೆಂಕಿ ಬೀಳುವ ಮುನ್ನ ಬಾವಿ



ನಿಮ್ಮಲ್ಲಿ ಹಲವರ ತಂದೆಯೋ ಅಜ್ಜನೋ ಊರು ಬಿಟ್ಟು ಮುಂಬಯಿಗೆ ಬಂದು ಹೋಟೆಲು ನಡೆಸಿದವರು. ಬೆಳಗಿನ ಹಾಲು ಬಾರದಿದ್ದರೆ ಏನು ಮಾಡುತ್ತಿದ್ದಿರೆಂದು ಅವರನ್ನೊಮ್ಮೆ ಕೇಳಿ ನೋಡಿ. ಅನುಭವಿಗಳಾದವರು ನಿತ್ಯದ ಹಾಲಿನವನಿದ್ದರೂ ಇನ್ನೊಬ್ಬನಿಂದಲೂ ಒಂದಿಷ್ಟು ಕೊಳ್ಳುತ್ತಿದ್ದರು. ಚಹಾ ಇಲ್ಲವೆಂದರೆ ಗಿರಾಕಿ ಹಾಲಿನವನನ್ನು ಬೈಯುವುದಿಲ್ಲ. ಎದುರಿನ ಹೋಟೆಲಿಗೆ ಹೋಗುತ್ತಾನೆ, ಅಷ್ಟೆ.

ಈ ಸರಳ ಸತ್ಯವನ್ನು ದೊಡ್ಡ ಕಂಪೆನಿಗಳೂ ಮರೆಯುವುದುಂಟು. 2000ನೇ ಇಸವಿಯ ಮಾರ್ಚ್ 17ರಂದು ಅಮೆರಿಕದ ಆಲ್ಬುಕರ್ಕಿ ನಗರದಲ್ಲಿ ಸಿಡಿಲೆರಗಿ, ಫಿಲಿಪ್ಸ್ ಕಂಪೆನಿಯ ಚಿಪ್ ಕಾರ್ಖಾನೆಗೆ ಬೆಂಕಿ ತಗುಲಿತು. ಹತ್ತೇ ನಿಮಿಷಗಳಲ್ಲಿ ಅದು ಆರಿತು. ಆದರೆ ಧೂಳಿನ ಕಣವೂ ಇರಬಾರದ ಕೋಣೆಗಳಲ್ಲಿ ಹೊಗೆ, ನೀರು ತುಂಬಿ ಸರಕು ಹಾಳಾಯಿತು. ಅಲ್ಲಿಯ ಚಿಪ್‌ಗಳನ್ನು ನೆಚ್ಚಿದ್ದವರು ಮೊಬೈಲ್ ಫೋನ್ ತಯಾರಕರಾದ ಫಿನ್ಲೆಂಡಿನ ನೋಕಿಯಾ ಮತ್ತು ಸ್ವೀಡನ್ನಿನ ಎರಿಕ್ಸನ್. ಸುಮಾರು ಒಂದು ವಾರ ತಡವಾದೀತು ಎಂಬ ಸುದ್ದಿ ಇಬ್ಬರಿಗೂ ಬಂತು.

ನೋಕಿಯಾದವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ದಿನವೂ ವಿಚಾರಿಸಿದರು. ವಾರದ ಮಾತಲ್ಲ, ತಿಂಗಳುಗಳ ಮಾತು ಎಂದು ತಿಳಿದೊಡನೆ ಫಿಲಿಪ್ಸಿನ ಬೇರೆ ಕಾರ್ಖಾನೆಗಳಿಂದಲೂ ಬೇರೆ ತಯಾರಕರಿಂದಲೂ ಚಿಪ್‌ಗಳನ್ನು ಹೊಂದಿಸಿಕೊಂಡರು. ಎರಿಕ್ಸನ್ನಿನಲ್ಲಾದರೋ ಕೆಳಗಿನವರಿಗೆ ತಿಳಿದ ಸಂಗತಿ ಮೇಲಿನವರಿಗೆ ಮುಟ್ಟಲು ವಾರಗಳೇ ಹಿಡಿದವು. ಖರ್ಚು ಉಳಿಸಲೆಂದು ಮುಖ್ಯ ಚಿಪ್‌ಗಳಿಗೆ ಅವರು ಒಬ್ಬರನ್ನೇ ನಂಬಿದ್ದರು. ಕೈತಪ್ಪಿದ ಮಾರಾಟ ಸುಮಾರು 40 ಕೋಟಿ ಡಾಲರ್! 2001ರಲ್ಲಿ ಅವರು ಫೋನ್ ವ್ಯವಹಾರಕ್ಕೆ ಜಪಾನಿನ ಸೋನಿಯೊಡನೆ ಕೈಜೋಡಿಸಬೇಕಾಯಿತು. ಇದೊಂದೇ ಕಾರಣವಲ್ಲ, ಆದರೆ ಇದೂ ಒಂದು.

ಸರಬರಾಜೆಂದರೆ ಬರೀ ಸಾಮಾನಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪೆನಿ ಕಳಿಸಿದ ಒಂದು ತಪ್ಪು ಕಡತದಿಂದ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು.

ನೀವು ಖರೀದಿ ವಿಭಾಗದಲ್ಲಿರಬಹುದು, ಲೆಕ್ಕಪತ್ರದಲ್ಲೋ ಕಂಪ್ಯೂಟರಿನ ಮುಂದೋ ಇರಬಹುದು. ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ವಸ್ತು ಒಬ್ಬರಿಂದ ಮಾತ್ರ ಬರುತ್ತದೆ? ಅದು ನಿಂತರೆ ನಮ್ಮ ಕೆಲಸ ಎಷ್ಟು ದಿನ ನಡೆದೀತು? ನಮಗೆ ಕೊಡುವವನಿಗೆ ಕೊಡುವವನು ಯಾರು? ಬೆಲೆಯನ್ನು ನೋಡಿ ಈ ಪಟ್ಟಿ ಮಾಡಬೇಡಿ. ಪುಟ್ಟದೊಂದು ಚಿಪ್ ಇಲ್ಲದೆಯೂ ಇಡೀ ಫೋನು ನಿಲ್ಲುತ್ತದೆ. ಎರಡನೆಯವನಿಗೆ ಈಗಿನಿಂದಲೇ ಸ್ವಲ್ಪ ಕೆಲಸ ಕೊಡುತ್ತಿರಿ. ನಾಲ್ಕು ಕಾಸು ಹೆಚ್ಚಾದೀತು, ಮೇಲಧಿಕಾರಿ ಮುಖ ಸಿಂಡರಿಸಿಯಾರು. ಆದರೆ ಕಷ್ಟ ಬಂದ ದಿನ ಅಪರಿಚಿತನ ಬಾಗಿಲು ತಟ್ಟಿದರೆ ಅವನು ತನ್ನ ಹಳೆಯ ಗಿರಾಕಿಗಳನ್ನು ಬಿಟ್ಟು ನಿಮಗೆ ಕೊಟ್ಟಾನೆಯೇ?

ಕೊನೆಯದಾಗಿ ಒಂದು ಮಾತು. ಸರಕು ತಡವಾಗುವ ಸೂಚನೆ ಮೊದಲು ಕಾಣುವುದು ನಿಮ್ಮಂಥ ಕಿರಿಯರ ಮೇಜಿನ ಮೇಲೆಯೇ. ಕೆಟ್ಟ ಸುದ್ದಿ ತಂದವನೆನಿಸಿಕೊಳ್ಳಲು ಹಿಂಜರಿಯಬೇಡಿ. ಅಂದೇ ಮೇಲಿನವರಿಗೆ ತಿಳಿಸಿ, ಬರಹದಲ್ಲೂ ಕೊಡಿ. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬೆಂಕಿ ಬೀಳುವುದು ಪಕ್ಕದ ಮನೆಗೇ ಆದರೂ ಬಾವಿ ನಮಗೂ ಬೇಕು.