ತರುಣ ಪ್ರತಿನಿಧಿಯೂ ಮೊರುರೊವದ ಋಣವೂ

ಫ್ರಾನ್ಸಿನ ರಾಷ್ಟ್ರೀಯ ಸಭೆಯು ಹೊಸದಾಗಿ ಚುನಾಯಿತವಾಗಿ ಮೊದಲ ಬಾರಿಗೆ ಸೇರುವಾಗ, ಸದಸ್ಯರಲ್ಲೆಲ್ಲ ವಯೋವೃದ್ಧರಾದವರು ಅಧ್ಯಕ್ಷಪೀಠವನ್ನಲಂಕರಿಸುವುದೂ, ಅತ್ಯಂತ ಕಿರಿಯರಾದ ಆರು ಮಂದಿ ಅವರಿಗೆ ಕಾರ್ಯದರ್ಶಿಗಳಾಗಿ ನೆರವಾಗುವುದೂ ಅಲ್ಲಿಯ ನಿಯಮ. 2022ರ ಜೂನ್ 28ರಂದು ಆ ಪೀಠದಲ್ಲಿ ಕುಳಿತವರು 79 ವರ್ಷದ ಜೋಸೆ ಗೊನ್ಸಾಲೆಸ್. ಅಲ್ಜೀರಿಯದ ಓರಾನ್ ನಗರದಲ್ಲಿ ಹುಟ್ಟಿ, ಕಾಲಾಂತರದಲ್ಲಿ ಆ ನೆಲವನ್ನು ತೊರೆದು ಬರಬೇಕಾದ ಅವರು, ಕೈತಪ್ಪಿಹೋದ ಆ ಫ್ರೆಂಚ್ ಅಲ್ಜೀರಿಯವನ್ನು ತುಂಬಿದ ಸಭೆಯಲ್ಲಿ ನೆನೆದು ಮರುಗಿದರು. ಅದೇ ಸಭೆಯಲ್ಲಿ ವಯಸ್ಸಿನ ಇನ್ನೊಂದು ತುದಿಯಲ್ಲಿದ್ದವರು 21 ವರ್ಷದ ತೆಮತಾಯಿ ಲೆ ಗಯಿಕ್. ಪೆಸಿಫಿಕ್ ಸಾಗರದ ತಾಹಿತಿಯವರು, ಫ್ರೆಂಚ್ ಪಾಲಿನೇಷ್ಯವು ಸ್ವತಂತ್ರವಾಗಬೇಕೆಂಬ ಸಂಕಲ್ಪದಿಂದ ಓಸ್ಕರ್ ತೆಮಾರು 1977ರಲ್ಲಿ ಕಟ್ಟಿದ ತಾವಿನಿ ಹುಯಿರಾತಿರಾ ಪಕ್ಷದವರು.

ಪತ್ರಿಕೆಗಳು ಎತ್ತಿ ಹೇಳಿದ್ದು ಅವರ ವಯಸ್ಸನ್ನು. ಐದನೆಯ ಗಣರಾಜ್ಯದ ಚರಿತ್ರೆಯಲ್ಲಿ ಅಷ್ಟು ಕಿರಿಯರಾರೂ ಆ ಸಭೆಯನ್ನು ಪ್ರವೇಶಿಸಿರಲಿಲ್ಲ. 2012ರಲ್ಲಿ 22ರ ಹರೆಯದಲ್ಲಿ ಗೆದ್ದ ಮಾರಿಯೋನ್ ಮಾರೆಷಾಲ್-ಲೆ ಪೆನ್ ಅವರ ದಾಖಲೆ ಅಲ್ಲಿಗೆ ಹಿಂದೆ ಬಿತ್ತು. ಸ್ಪರ್ಧೆಗೆ ಬೇಕಾದ ಕನಿಷ್ಠ ವಯಸ್ಸನ್ನು 23ರಿಂದ 18ಕ್ಕೆ ಇಳಿಸಿದ 2011ರ ಕಾನೂನಿಲ್ಲದಿದ್ದರೆ ಇವರಿಬ್ಬರೂ ಇನ್ನೊಂದು ಚುನಾವಣೆಗೆ ಕಾಯಬೇಕಾಗುತ್ತಿತ್ತು. ಆ ಕಾನೂನು ಒಳ್ಳೆಯದೆಂದೇ ನನ್ನ ಮತ. ಆದರೆ ತಾರುಣ್ಯವೆಂಬುದು ತಾನಾಗಿಯೇ ಒಂದು ಗುಣವಲ್ಲ. ಲೆ ಗಯಿಕ್ ಅವರ ತಾರುಣ್ಯಕ್ಕೆ ಅರ್ಥ ಬರುವುದು ಅವರು ಹುಟ್ಟಿದ ವರ್ಷವನ್ನು ಅವರು ಪ್ರತಿನಿಧಿಸಿದ ಸಮುದ್ರದ ಚರಿತ್ರೆಯೊಡನೆ ಇಟ್ಟು ನೋಡಿದಾಗ ಮಾತ್ರ.

ಗೊನ್ಸಾಲೆಸ್ ಅವರು ಮರುಗಿದ ಅಲ್ಜೀರಿಯಕ್ಕೂ ಈ ತರುಣನ ದ್ವೀಪಗಳಿಗೂ ನಡುವೆ ಒಂದು ಘೋರವಾದ ಸಂಬಂಧವಿದೆ. ಫ್ರಾನ್ಸ್ ತನ್ನ ಅಣ್ವಸ್ತ್ರಗಳನ್ನು ಮೊದಲು ಪರೀಕ್ಷಿಸಿದ್ದು ಸಹಾರಾ ಮರುಭೂಮಿಯಲ್ಲಿ; 1960ರಿಂದ 1966ರವರೆಗೆ ಅಲ್ಲಿ 17 ಸ್ಫೋಟಗಳು ನಡೆದವು. 1962ರಲ್ಲಿ ಅಲ್ಜೀರಿಯ ಸ್ವತಂತ್ರವಾದ ಮೇಲೆ ಆ ನೆಲದಲ್ಲಿ ಬಹುಕಾಲ ನಿಲ್ಲುವಂತಿರಲಿಲ್ಲವಾಗಿ, ತನ್ನ ಹಿಡಿತದಲ್ಲಿಯೇ ಉಳಿದಿದ್ದ, ಪ್ಯಾರಿಸಿಗೆ ಕೂಗು ಕೇಳಿಸದಷ್ಟು ದೂರದಲ್ಲಿದ್ದ ಪೆಸಿಫಿಕ್ ದ್ವೀಪಗಳನ್ನು ಫ್ರಾನ್ಸ್ ಆರಿಸಿಕೊಂಡಿತು. 1966ರ ಜುಲೈ 2ರಂದು ಮೊರುರೊವದಲ್ಲಿ ಮೊದಲ ಸ್ಫೋಟ. 1974ರವರೆಗೆ ತೆರೆದ ಆಕಾಶದಲ್ಲಿ, ಅನಂತರ ನೆಲದಡಿಯಲ್ಲಿ, ಮೊರುರೊವ ಮತ್ತು ಫಂಗತೌಫಗಳಲ್ಲಿ ಒಟ್ಟು 193 ಸ್ಫೋಟಗಳು. ಕೊನೆಯದು ನಡೆದದ್ದು 1996ರ ಜನವರಿಯಲ್ಲಿ. ಲೆ ಗಯಿಕ್ ಹುಟ್ಟಿದ್ದು 2000ದಲ್ಲಿ. ಅವರು ಗೆದ್ದ ಒಂದನೆಯ ಕ್ಷೇತ್ರದೊಳಗೇ ತುವಾಮೋತು ದ್ವೀಪಸಮೂಹವೂ, ಆದುದರಿಂದ ಮೊರುರೊವವೂ ಸೇರಿವೆ. ಸ್ಫೋಟವನ್ನು ಕಣ್ಣಾರೆ ಕಾಣದಿದ್ದರೂ ಅದರ ಪರಿಣಾಮವನ್ನು ಹಿರಿಯರ ಶರೀರಗಳಿಂದಲೇ ಓದಿಕೊಳ್ಳಬೇಕಾದ ಒಂದು ಪೀಳಿಗೆಯು, ಆ ಸ್ಫೋಟಗಳಿಗೆ ಹಣವನ್ನು ಮಂಜೂರು ಮಾಡಿದ ಸಭೆಯಲ್ಲಿಯೇ ತನ್ನ ಪ್ರತಿನಿಧಿಯನ್ನು ಕುಳ್ಳಿರಿಸಿತೆಂಬುದು, ವಯಸ್ಸಿನ ಯಾವ ದಾಖಲೆಗಿಂತಲೂ ದೊಡ್ಡ ಸಂಗತಿ.

ಲೆ ಗಯಿಕ್ ಕುಳಿತ ಆ ಸ್ಥಾನಕ್ಕೆ ಇನ್ನೂ ಹಳೆಯದಾದ ಒಂದು ಋಣವುಂಟು. ಹುವಾಹಿನೆ ದ್ವೀಪದಲ್ಲಿ 1895ರಲ್ಲಿ ಹುಟ್ಟಿ, ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಹೋರಾಡಿ ಬಂದ ಪೂವಾನಾ ಅ ಓಪಾ ಅವರು 1949ರಲ್ಲಿ ಇದೇ ದ್ವೀಪಗಳ ಪ್ರತಿನಿಧಿಯಾಗಿ ಪ್ಯಾರಿಸಿಗೆ ಹೋದರು. 1958ರ ಜನಮತಗಣನೆಯಲ್ಲಿ, ಡಿ ಗಾಲ್ ಅವರ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಡಬೇಡಿರೆಂದು ತಮ್ಮ ಜನರಿಗೆ ಅವರು ಬೋಧಿಸಿದರು, ಸೋತರು, ಕೆಲವೇ ದಿನಗಳಲ್ಲಿ, ಪಪೀತೆ ನಗರವನ್ನು ಸುಡಲು ಸಂಚು ಹೂಡಿದರೆಂಬ ಆರೋಪದ ಮೇಲೆ ಬಂಧಿತರಾದರು. ಮರುವರ್ಷ ವಿಧಿಸಿದ ಶಿಕ್ಷೆ 8 ವರ್ಷಗಳ ಸೆರೆ, 15 ವರ್ಷಗಳ ಗಡೀಪಾರು. ಅವರು ತಮ್ಮ ಮಣ್ಣಿಗೆ ಮರಳಿದ 1968ರ ಹೊತ್ತಿಗೆ ಮೊರುರೊವದ ಆಕಾಶದಲ್ಲಿ ಸ್ಫೋಟಗಳು ವಾಡಿಕೆಯಾಗಿಬಿಟ್ಟಿದ್ದವು. ಫ್ರಾನ್ಸಿನ ನ್ಯಾಯಾಲಯವು ಆ ತೀರ್ಪನ್ನು ರದ್ದುಗೊಳಿಸಿದ್ದು 2018ರಲ್ಲಿ, ಅವರು ತೀರಿಕೊಂಡು 41 ವರ್ಷಗಳಾದ ಮೇಲೆ.

ಬೇರೆಯಾಗಬೇಕೆನ್ನುವವನು ಯಾವ ಗಣರಾಜ್ಯವನ್ನು ತೊರೆಯಬಯಸುವನೋ ಅದರ ಶಾಸನಸಭೆಯಲ್ಲಿಯೇ ಕೂರುವುದು ಅಸಂಗತವಲ್ಲವೆ ಎಂದು ಆಕ್ಷೇಪಿಸುವವರುಂಟು. ಭಾರತೀಯರಾದ ನಮಗೆ ಇದಕ್ಕೆ ಉತ್ತರ ಪುದುಚೇರಿಯಲ್ಲಿಯೇ ದೊರೆಯುತ್ತದೆ. ಪೂವಾನಾ ಕುಳಿತ ಸಭೆಯಲ್ಲಿಯೇ, ಅದೇ ವರ್ಷಗಳಲ್ಲಿ, ಫ್ರೆಂಚ್ ಭಾರತದ ಪ್ರತಿನಿಧಿಯಾಗಿ ಎದ್ವಾರ್ ಗೂಬೆರ್ ಕುಳಿತಿದ್ದರು. ಫ್ರಾನ್ಸಿನ ಪಕ್ಷಪಾತಿಯೆಂದು ಹೆಸರಾಗಿದ್ದ ಆ ಗೂಬೆರ್ ಅವರೇ 1954ರಲ್ಲಿ ಭಾರತದೊಡನೆ ವಿಲೀನವಾಗಬೇಕೆಂಬ ಪಕ್ಷಕ್ಕೆ ಬಂದರು, ಆ ವರ್ಷದ ನವೆಂಬರ್ 1ರಂದು ಪುದುಚೇರಿಯ ಆಡಳಿತ ಭಾರತಕ್ಕೆ ಹಸ್ತಾಂತರವಾಯಿತು. ಪ್ರತಿನಿಧಿಯ ನಿಷ್ಠೆ ತನ್ನನ್ನು ಆರಿಸಿ ಕಳುಹಿಸಿದವರಿಗೆ, ಸಭಾಭವನಕ್ಕಲ್ಲ.

ಆದರೆ ಆರಿಸಿ ಕಳುಹಿಸಿದವರ ಮನಸ್ಸೂ ಸರಳವಾದುದಲ್ಲವೆಂಬುದನ್ನು ಸತ್ಯವನ್ನು ಬಯಸುವ ಯಾರೂ ಮರೆಮಾಚಬಾರದು. 2022ರಲ್ಲಿ ಪಾಲಿನೇಷ್ಯದ ಮೂರು ಸ್ಥಾನಗಳನ್ನೂ ತಾವಿನಿ ಗೆದ್ದಿತು. ಮರುವರ್ಷ ದ್ವೀಪಗಳ ಸರ್ಕಾರವೇ ಅದರ ಕೈಗೆ ಬಂದು, ಮೋಯೆತಾಯಿ ಬ್ರದರ್ಸನ್ ಅಧ್ಯಕ್ಷರಾದರು. ಇದನ್ನು ಸ್ವಾತಂತ್ರ್ಯಕ್ಕೆ ಬಿದ್ದ ಮತವೆಂದು ತಿಳಿದವರಿಗೆ 2024 ಉತ್ತರ ಕೊಟ್ಟಿತು. ಜೂನ್ 9ರಂದು ರಾಷ್ಟ್ರಾಧ್ಯಕ್ಷ ಮ್ಯಾಕ್ರನ್ ಸಭೆಯನ್ನು ವಿಸರ್ಜಿಸಿದರು. 20 ದಿನಗಳೊಳಗೆ ಪಾಲಿನೇಷ್ಯ ಮತ ಹಾಕಬೇಕಾಯಿತು. ಎರಡು ವರ್ಷ ಹಿಂದೆ ಒಡೆದುಹೋಗಿದ್ದ ಸ್ವಾಯತ್ತತಾವಾದಿಗಳು, ಎಂದರೆ ಫ್ರಾನ್ಸಿನೊಳಗೇ ಇರಬಯಸುವವರು, ಈ ಬಾರಿ ಒಂದಾದರು. ಮೊದಲ ಸುತ್ತಿನಲ್ಲಿಯೇ ಮೊಯೆರಾನಿ ಫ್ರೆಬೊ ಅವರು ಲೆ ಗಯಿಕ್ ಅವರನ್ನು ಸೋಲಿಸಿದರು. ಐದು ವರ್ಷಗಳಿಗೆಂದು ಹೋದವರು ಎರಡು ವರ್ಷಗಳಲ್ಲಿ ಮರಳಿದರು. ಸಾಗರದಲ್ಲಿ ಚದುರಿದ ದ್ವೀಪಗಳ ಕ್ಷೇತ್ರವೊಂದನ್ನು ಸುತ್ತಿ ಬರುವುದಕ್ಕೇ ಸಾಲದ ಕಾಲದಲ್ಲಿ, ಸುಮಾರು 15,000 ಕಿಲೋಮೀಟರ್ ಆಚೆ ಒಬ್ಬ ವ್ಯಕ್ತಿ ಕೈಗೊಂಡ ನಿರ್ಧಾರಕ್ಕೆ ಅಲ್ಲಿಯ ಮತದಾರರು ಉತ್ತರ ಹೇಳಬೇಕಾಯಿತೆಂಬುದು ನನಗೆ ನ್ಯಾಯವಾಗಿ ತೋರದು. ಆದರೂ ಸೋಲು ಸೋಲೇ, ಅದು ಜನರ ತೀರ್ಪೇ.

ಆ ವಿಸರ್ಜನೆ ತುಂಡರಿಸಿದ್ದು ಒಬ್ಬ ತರುಣನ ಅಧಿಕಾರಾವಧಿಯನ್ನಷ್ಟೇ ಅಲ್ಲ. ಲೆ ಗಯಿಕ್ ಸದಸ್ಯರಾಗಿದ್ದ ಗುಂಪಿನ ಒತ್ತಾಯದಿಂದ, ಪಾಲಿನೇಷ್ಯದ ಅಣುಪರೀಕ್ಷೆಗಳ ಪರಿಣಾಮವನ್ನರಿಯಲು ರಚಿತವಾಗಿದ್ದ ವಿಚಾರಣಾ ಸಮಿತಿಯೂ ಅರ್ಧದಲ್ಲಿಯೇ ನಿಂತುಹೋಯಿತು. ತಾವಿನಿಗೆ ಉಳಿದ ಒಂದೇ ಸ್ಥಾನವನ್ನು ಕಾಯ್ದುಕೊಂಡ ಮೆರೆಯಾನಾ ರೀಡ್ ಅರ್ಬೆಲೊ ಹೊಸ ಸಭೆಯಲ್ಲಿ ಆ ಸಮಿತಿಯನ್ನು ಮತ್ತೆ ಕಟ್ಟಿ, 2025ರ ಜೂನ್‌ನಲ್ಲಿ ವರದಿಯನ್ನು ಮುಂದಿಟ್ಟರು. ಫ್ರಾನ್ಸ್ ಕ್ಷಮೆ ಬೇಡಬೇಕೆಂದು ಆ ವರದಿ ಹೇಳಿತು. 2010ರ ಪರಿಹಾರ ಕಾನೂನಿನ ಆಚರಣೆಯಲ್ಲಿ ನೆಲೆಗೊಂಡ ಒಂದು ಮಿಲಿಸೀವರ್ಟ್ ಎಂಬ ವಿಕಿರಣಮಿತಿಯನ್ನು ತೆಗೆದುಹಾಕಬೇಕೆಂದೂ ಹೇಳಿತು. ಅರ್ಬುದರೋಗದಿಂದ ನರಳುವವರು ವರ್ಷವೊಂದರಲ್ಲಿ ಆ ಮಿತಿಗಿಂತ ಕಡಿಮೆ ವಿಕಿರಣಕ್ಕೆ ಒಳಗಾದರೆಂದು ಸರ್ಕಾರ ತೋರಿಸಿಬಿಟ್ಟರೆ ಅವರ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಅದನ್ನು ತೋರಿಸಲು ಬೇಕಾದ ಅಳತೆಗಳಾದರೋ, ಸ್ಫೋಟಿಸಿದ ಸರ್ಕಾರವೇ ಅಂದು ಅಳೆದು ಬರೆದಿಟ್ಟವು.